ಹಾಜಬ್ಬನ ನೋಡುವ ಹಲಗೆ

ಬೀಡಿಯನ್ನು ಬಿಚ್ಚದೆಯೇ ಅದರ ಹೊಟ್ಟೆಯೊಳಗಿನ ಹೊಗೆಸೊಪ್ಪಿನ ಯೋಗ್ಯತೆಯನ್ನು ಹೇಳಬಲ್ಲ ಮನುಷ್ಯನೊಬ್ಬ ಈ ಭೂಮಿಯ ಮೇಲಿದ್ದರೆ ಆತ ಪಾಣೆಮಂಗಳೂರಿನ ಹಾಜಬ್ಬನೇ ಎಂಬುದನ್ನು ಮೂರು ಊರುಗಳ ಹೆಂಗಸರು ಒಪ್ಪಿದ್ದರು, ಒಪ್ಪಿಕೊಂಡೇ ಶಪಿಸುತ್ತಿದ್ದರು. ಮನೆಮನೆಯಲ್ಲಿ ಕಟ್ಟಿದ ಬೀಡಿಯನ್ನು ಹೆಂಗಸರು ತಂದೊಪ್ಪಿಸುವ ಕಂಪೆನಿಯ ಕೋಣೆಗೆ ಬ್ರಾಂಚು ಎಂದು ಹೆಸರು. ಸೋಮವಾರ ಪಾಣೆಮಂಗಳೂರು, ಬುಧವಾರ ಬೆಳ್ತಂಗಡಿ, ಶನಿವಾರ ಮೂಡುಬಿದಿರೆ, ಹೀಗೆ ಮೂರು ಬ್ರಾಂಚುಗಳಿಗೆ ಬಸ್ಸಿನಲ್ಲಿ ಅಲೆಯುತ್ತ ಮೂವತ್ತೇಳು ವರ್ಷಗಳಿಂದ ಬೀಡಿಯ ಪರೀಕ್ಷೆ ಮಾಡುತ್ತಿದ್ದವನು ಹಾಜಬ್ಬ. ಇಪ್ಪತ್ತೈದು ಬೀಡಿಯ ಕಟ್ಟೊಂದನ್ನು ಎಡ ಅಂಗೈಯಲ್ಲಿಟ್ಟು ಬಲಗೈಯ ಹೆಬ್ಬೆರಳಿನಿಂದ ಒಮ್ಮೆ ಸವರಿದನೆಂದರೆ ಮುಗಿಯಿತು. ಎಲೆಯ ಬಿಗಿ, ನೂಲಿನ ಸುತ್ತು, ತುದಿಯ ಮಡಿಕೆ ಎಲ್ಲವೂ ಒಳಗಿನ ಕಥೆಯನ್ನು ಹೊರಗಿನ ಚರ್ಮದಿಂದಲೇ ಒಪ್ಪಿಸಿಬಿಡುತ್ತಿದ್ದವು. ಕಟ್ಟಿನಲ್ಲಿ ಎರಡು ಬೀಡಿ ಕೆಟ್ಟಿದ್ದರೆ ಕ್ಷಮೆ. ಮೂರು ಕೆಟ್ಟಿದ್ದರೆ ಇಡೀ ಕಟ್ಟು ಕಿಟಕಿಯ ಕೆಳಗಿನ ಗೋಣಿಗೆ, ಕೂಲಿಯಿಲ್ಲ.

ಎರಡೋ ಮೂರೋ ಎಂದು ಸ್ವತಃ ಹೆಬ್ಬೆರಳಿಗೇ ಅನುಮಾನ ಬಂದ ಕಟ್ಟುಗಳಿಗೆ ಮಾತ್ರ ಮೂರನೆಯ ಗತಿಯೊಂದಿತ್ತು. ಅವನ ತಲೆಯ ಮೇಲೆ ಗೋಡೆಗೆ ಹೊಡೆದಿದ್ದ ಒಂದು ಹಲಗೆ. ಮಳೆಗಾಲದಲ್ಲಿ ಎಲೆ ಥಂಡಿ ಹಿಡಿದು ಒಳ್ಳೆಯ ಬೀಡಿಯೂ ಮೆತ್ತಗಾಗುತ್ತದೆ. ಹಲಗೆಯ ಮೇಲೆ ಒಂದು ವಾರ ಒಣಗಿದರೆ ಯಾವುದು ಥಂಡಿ, ಯಾವುದು ಕಟ್ಟಿದವಳ ಸೋಮಾರಿತನ ಎಂಬುದು ತಾನಾಗಿ ಬೇರೆಯಾಗುತ್ತದೆ. ಪಾಸೋ ಅಲ್ಲವೋ ಎಂದು ಯಾರು ಕೇಳಿದರೂ ಹಾಜಬ್ಬ ಮೇಲೆ ನೋಡದೆ “ನೋಡುವ” ಎನ್ನುತ್ತಿದ್ದ. ಹಾಗಾಗಿ ಅದಕ್ಕೆ ಹೆಂಗಸರೇ ನೋಡುವ ಹಲಗೆ ಎಂದು ಹೆಸರಿಟ್ಟಿದ್ದರು.

ಇಂತಹ ಹಾಜಬ್ಬನ ಎರಡೂ ಕಣ್ಣಿಗೆ ಪೊರೆ ಬಂದಿತ್ತೆಂಬುದು ಬ್ರಾಂಚಿನಲ್ಲಿ ಯಾರಿಗೂ ತಿಳಿಯದ ಗುಟ್ಟು. 2005ರ ಜೂನಿನಲ್ಲಿ ಹೆಂಡತಿ ನಫೀಸಮ್ಮ, “ನಿನ್ನೆ ಬೆಕ್ಕಿಗೆ ಸಲಾಂ ಹೇಳಿದ್ರಿ. ಇನ್ನು ನನಗೆ ಹಾಲಿಡುವ ಮೊದಲು ಡಾಕ್ಟರಲ್ಲಿಗೆ ಹೋಗುವ” ಎಂದು ಎಳೆದುಕೊಂಡು ಹೋದಳು. ಕಣ್ಣಿನ ಡಾಕ್ಟರು ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷಿಸಿದರು. ಬಿಳಿ ರಕ್ತಕಣಗಳು ಇರಬೇಕಾದ್ದಕ್ಕಿಂತ ನಾಲ್ಕು ಪಾಲು ಹೆಚ್ಚಿದ್ದವು. ಕಣ್ಣಿನ ಕೆಲಸ ಅಲ್ಲಿಗೇ ನಿಂತಿತು. ಹಾಜಬ್ಬನ ಚೀಟಿ ರಕ್ತದ ರೋಗಗಳ ಡಾಕ್ಟರ್ ಕುಶಾಲಪ್ಪನವರ ಬಳಿಗೆ ಹೋಯಿತು. ಅವರು ಶನಿವಾರಗಳಲ್ಲಿ ಮೂಡುಬಿದಿರೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಮೂಡುಬಿದಿರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಮೊಮ್ಮಗಳು ಹನಾ, ಹಾಸ್ಟೆಲಿನಿಂದ ಬಂದು ಅಜ್ಜನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

“ಹಾಜಬ್ಬನವರೇ, ಇದು ರಕ್ತದ ಕ್ಯಾನ್ಸರಿನ ಒಂದು ಜಾತಿ,” ಎಂದರು ಡಾಕ್ಟರು, ಕಾಗದವನ್ನು ಮೇಜಿನ ಮೇಲೆ ಅಂಗಾತ ಇಟ್ಟು. “ಹೆಸರು ಕೇಳಿ ಹೆದರಬೇಡಿ. ವಯಸ್ಸಾದವರಿಗೆ ಬರುವ ದೀರ್ಘಕಾಲದ ರೋಗ. ಎಷ್ಟೋ ಜನ ಇದನ್ನು ಇಟ್ಟುಕೊಂಡೇ ಹತ್ತು ಹದಿನೈದು ವರ್ಷ ಆರಾಮದಲ್ಲಿ ಇರ್ತಾರೆ.”

“ಮದ್ದು?”

“ಈಗ ಮದ್ದು ಬೇಡ. ಮೂರು ತಿಂಗಳಿಗೊಮ್ಮೆ ಬನ್ನಿ. ನೋಡುವ.”

ಹಾಜಬ್ಬನಿಗೆ ಅವಮಾನವಾಯಿತು. ಶೀತಕ್ಕೆ ಹೋದರೂ ಎರಡು ಬಣ್ಣದ ಮಾತ್ರೆ ಕೊಡುತ್ತಾರೆ. ಇಷ್ಟು ದೊಡ್ಡ ಹೆಸರಿನ ರೋಗಕ್ಕೆ ಒಂದು ಬಾಟಲಿ ಕಷಾಯವೂ ಇಲ್ಲವೆಂದರೆ ರೋಗಿಯ ಮಾನವೇನಾಗಬೇಕು? ಆದರೆ ಅವನನ್ನು ಚುಚ್ಚಿದ್ದು ಇನ್ನೊಂದು ಮಾತು. “ಎಷ್ಟೋ ಜನ ಅಂದ್ರಿ. ಉಳಿದವರು?”

“ಉಳಿದವರದ್ದು ಸ್ವಲ್ಪ ಅವಸರದ ಜಾತಿ.”

“ನನ್ನದು ಯಾವುದು?”

ಆಗ ಕುಶಾಲಪ್ಪನವರು ಹಾಜಬ್ಬನ ಕಸುಬನ್ನು ಕೇಳಿ ತಿಳಿದುಕೊಂಡರು. ತಿಳಿದ ಮೇಲೆ ಅವರ ಮುಖ ಅರಳಿತು; ಅರ್ಧ ಪಾಠ ಮೊದಲೇ ಕಲಿತು ಬಂದ ವಿದ್ಯಾರ್ಥಿ ಸಿಕ್ಕಂತಾಯಿತು. “ಹಾಗಾದರೆ ನಿಮಗೆ ಹೇಳುವುದು ಸುಲಭ. ರಕ್ತದ ಒಂದೊಂದು ಕಣದ ಚರ್ಮದ ಮೇಲೂ ಗುರುತುಗಳು ಇರ್ತವೆ, ಬೀಡಿಯ ನೂಲು, ಲೇಬಲ್ಲು ಇದ್ದ ಹಾಗೆ. ಕೆಲವು ಗುರುತು ನೋಡಿ ಇದು ಯಾವ ರೋಗ ಅಂತ ಹೇಳ್ತೇವೆ. ಸಿಡಿ ಮೂವತ್ತೆಂಟು ಅಂತ ಇನ್ನೊಂದು ಗುರುತು ಉಂಟು. ಅದು ರೋಗ ಮುಂದೆ ಹೇಗೆ ನಡೆದುಕೊಳ್ತದೆ ಅಂತ ಸೂಚನೆ ಕೊಡ್ತದೆ. ನೂರು ಕೆಟ್ಟ ಕಣಗಳಲ್ಲಿ ಮೂವತ್ತಕ್ಕಿಂತ ಹೆಚ್ಚು ಕಣಗಳ ಮೇಲೆ ಆ ಗುರುತು ಇದ್ದರೆ ಅವಸರದ್ದು. ಕಡಿಮೆ ಇದ್ದರೆ ನಿಧಾನದ್ದು. ಅಂದಾಜು ಮಾತ್ರ, ತೀರ್ಪಲ್ಲ.”

“ಎಷ್ಟು ಕಣ ಎಣಿಸ್ತೀರಿ?”

“ಮೆಷೀನು ಎಣಿಸ್ತದೆ. ಹತ್ತು ಸಾವಿರ.”

ಒಂದು ದಿನದಲ್ಲಿ ಹತ್ತು ಸಾವಿರ ಬೀಡಿಯನ್ನು ಸವರಿ ಮುಗಿಸುತ್ತಿದ್ದ ಹಾಜಬ್ಬ ಮೊದಲ ಬಾರಿಗೆ ಆ ಡಾಕ್ಟರನ್ನು ಗೌರವದಿಂದ ನೋಡಿದ.

ಗೌರವ ಎಷ್ಟೇ ಇರಲಿ, ಕಸುಬಿನವನು ಮೋಸ ಹೋಗಬಾರದಲ್ಲ. ಒಳಕೋಣೆಯಲ್ಲಿ ನರ್ಸ್ ಝೈನಬ್ ತೋಳಿಗೆ ರಬ್ಬರು ಬಿಗಿದು ಸೂಜಿ ಎತ್ತಿದಾಗ ಅವನು ಕೈಯನ್ನು ಹಿಂದಕ್ಕೆಳೆದುಕೊಂಡು ಕಾಲು ಚಾಚಿದ. “ಸ್ವಲ್ಪ ಇದರಿಂದಲೂ ತೆಗೆಯಮ್ಮಾ. ಅರ್ಧ ಮೇಲಿನದು, ಅರ್ಧ ಅಡಿಯದು.”

“ಎಂತಕ್ಕೆ?”

“ಬುಟ್ಟಿಯ ಮೇಲೆ ಯಾವತ್ತೂ ಒಳ್ಳೆಯ ಬೀಡಿಯೇ ಇಡುವುದು. ಹಾಳು ಇರುವುದು ಅಡಿಯಲ್ಲಿ. ನನಗೆ ಗೊತ್ತುಂಟು.”

ಝೈನಬ್ ನಕ್ಕ ಸದ್ದಿಗೆ ಡಾಕ್ಟರು ಎದ್ದು ಬಂದರು. ವಿಷಯ ಕೇಳಿ, “ರಕ್ತ ಬುಟ್ಟಿ ಅಲ್ಲ ಮಾರಾಯ್ರೆ, ನೇತ್ರಾವತಿ ಹೊಳೆ. ಪಾಣೆಮಂಗಳೂರಲ್ಲಿ ತೆಗೆದರೂ ಅದೇ ನೀರು, ಧರ್ಮಸ್ಥಳದಲ್ಲಿ ತೆಗೆದರೂ ಅದೇ ನೀರು” ಎಂದರು.

“ನಡುವೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರ್ತದಲ್ಲ ಡಾಕ್ಟ್ರೆ?”

ಕೊನೆಗೆ ಹನಾ, “ಅಜ್ಜ, ಕಾಲು ಒಳಗೆ ತಗೊಳ್ಳಿ, ಮಾನ ಹೋಗ್ತದೆ” ಎಂದು ಹಲ್ಲು ಕಚ್ಚಿ ಹೇಳಿದ ಮೇಲೆ ಕಾಲು ಲುಂಗಿಯೊಳಗೆ ಮರಳಿತು, ಕೈ ಹೊರಗೆ ಬಂತು.

ಆ ಪರೀಕ್ಷೆಯ ಮೆಷೀನು ಇದ್ದದ್ದು ಮುಂಬೈಯಲ್ಲಿ. ರಕ್ತವನ್ನು ಅಂದೇ ಬಜಪೆಯಿಂದ ವಿಮಾನಕ್ಕೆ ಹಾಕಿದರು. “ನಲವತ್ತು ವರ್ಷ ಸಂಸಾರ ಮಾಡಿದ್ರಿ, ನನ್ನನ್ನು ಉಡುಪಿ ದಾಟಿಸಲಿಲ್ಲ,” ಎಂದಳು ನಫೀಸಮ್ಮ ಆ ದಿನ ಊಟಕ್ಕೆ ಬಡಿಸುತ್ತ. “ಒಂದು ಚಮಚ ರಕ್ತ ಒಬ್ಬನೇ ವಿಮಾನ ಹತ್ತಿ ಹೋಯ್ತು. ಅದಕ್ಕಾದರೂ ಕಿಟಕಿ ಪಕ್ಕದ ಸೀಟು ಕೊಟ್ಟಿದ್ದಾರಾ ಕೇಳಿದ್ರಾ?”

ಹಾಜಬ್ಬ ನಗಲಿಲ್ಲ. ಅವನಿಗೆ ಅವಸರವೋ ನಿಧಾನವೋ ಎಂಬ ಪ್ರಶ್ನೆ ತನ್ನ ಆಯುಷ್ಯದ್ದಷ್ಟೇ ಆಗಿರಲಿಲ್ಲ. ಹನಾಳ ತಂದೆ, ಅಂದರೆ ಹಾಜಬ್ಬನ ಹಿರಿಯ ಮಗ, ಆಕೆಗೆ ಆರು ವರ್ಷವಿದ್ದಾಗ ತೀರಿಹೋಗಿದ್ದ. ತಂದೆಯಿಲ್ಲದ ಹುಡುಗಿಯನ್ನು ನಿಕಾಹಿನಲ್ಲಿ ಒಪ್ಪಿಸಿಕೊಡುವ ಅಧಿಕಾರ ತಂದೆಯ ತಂದೆಯದು. ಹುಡುಗ ನಿಶ್ಚಯವಾಗಿದ್ದ: ಶಾರ್ಜಾದಲ್ಲಿ ಕೆಲಸಕ್ಕಿದ್ದ ಬಂಟ್ವಾಳದ ಅನ್ಸಾಫ್. ಹನಾಳ ಓದು ಮುಗಿಯಲು ಇನ್ನೆರಡು ವರ್ಷ. ಮದುವೆ ಅನಂತರ ಎಂದು ಮಾತಾಗಿತ್ತು. ಸತ್ತ ಮಗನ ಸ್ಥಾನದಲ್ಲಿ ಕುಳಿತು, ವರನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಒಪ್ಪಿಸಿಕೊಡುವ ವಾಕ್ಯವನ್ನು ತಾನೇ ಹೇಳಬೇಕೆಂಬುದು ಹಾಜಬ್ಬನಿಗೆ ಬದುಕಿನಲ್ಲಿ ಉಳಿದಿದ್ದ ಒಂದೇ ಹಟ.

ಭಾನುವಾರ ಮನೆಗೆ ಬಂದ ಹನಾಳನ್ನು ಕೂರಿಸಿ ಅವನು ಕಂಪೆನಿಯ ಸುತ್ತೋಲೆಯ ಧ್ವನಿಯಲ್ಲಿ ಘೋಷಿಸಿದ: “ಮೂವತ್ತಕ್ಕಿಂತ ಕಡಿಮೆ ಬಂದರೆ ಓದು. ಹೆಚ್ಚು ಬಂದರೆ ರಂಜಾನಿಗಿಂತ ಮೊದಲು ನಿಕಾಹ್. ಆಮೇಲೆ ಶಾರ್ಜಾ. ನಡುವೆ ಮಾತಿಲ್ಲ.”

ಹನಾ ತಲೆ ತಗ್ಗಿಸಿದಳು. ಜೀವಕೋಶಗಳ ಪಾಠ ಆಕೆಗೆ ಇಷ್ಟವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನ ಎರಡು ವರ್ಷ ಅಜ್ಜನ ಕಣಗಳ ಚರ್ಮದ ಮೇಲೆ ಬರೆದಿರಬಹುದೆಂದು ಯಾವ ಪಾಠದಲ್ಲಿಯೂ ಇರಲಿಲ್ಲ. “ಆಯ್ತು ಅಜ್ಜ” ಎಂದಷ್ಟೇ ಹೇಳಿದಳು.

ಎರಡು ವಾರಗಳ ಅನಂತರ ವರದಿ ಬಂತು. ನೂರಕ್ಕೆ ಇಪ್ಪತ್ತೆರಡು.

“ಗೆರೆಯ ಕೆಳಗೇ ಉಂಟು. ಕಣ್ಣಿನ ಆಪರೇಷನ್ ಧಾರಾಳ ಮಾಡಿಸಿಕೊಳ್ಳಿ,” ಎಂದರು ಡಾಕ್ಟರು. ಹಾಜಬ್ಬ ಆ ಮಧ್ಯಾಹ್ನ ಮೂಡುಬಿದಿರೆಯ ಬ್ರಾಂಚಿನಲ್ಲಿ ಒಂದೂ ಕಟ್ಟನ್ನು ಗೋಣಿಗೆ ಹಾಕಲಿಲ್ಲವೆಂಬ ಸುದ್ದಿ, ಅವನು ಮನೆ ತಲುಪುವ ಮೊದಲೇ ಬಿ.ಸಿ.ರೋಡಿಗೆ ತಲುಪಿತ್ತು. ನಫೀಸಮ್ಮ ತುಪ್ಪದನ್ನ ಮಾಡಿದಳು. ಕೋಳಿ ಸುಕ್ಕ ಮಾಡಿದಳು. “ಪರೀಕ್ಷೆಯಲ್ಲಿ ಇಪ್ಪತ್ತೆರಡು ಅಂಕ ತೆಗೆದು ಪಾಸಾದವರನ್ನು ನಾನು ಇವತ್ತೇ ನೋಡಿದ್ದು” ಎಂದು ಬಡಿಸಿದಳು.

ಸಂತೋಷಕ್ಕೆ ಎಂಟು ದಿನ ಆಯುಷ್ಯವಿತ್ತು. ಮುಂದಿನ ಭಾನುವಾರ ಹನಾ ಚೀಲದಿಂದ ನಾಲ್ಕು ಹಾಳೆ ತೆಗೆದು ಅಜ್ಜನ ಮುಂದಿಟ್ಟಳು. ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿ ಅಚ್ಚು ತೆಗೆದವು.

“ಅಜ್ಜ, ಒಂದು ವಿಷಯ ಉಂಟು. ಮೂವತ್ತು ಅಂತ ಎಲ್ಲರೂ ಒಪ್ಪಿದ ಗೆರೆ ಅಲ್ಲವಂತೆ. ಕೆಲವು ಆಸ್ಪತ್ರೆಯವರು ಇಪ್ಪತ್ತಕ್ಕೆ ಗೆರೆ ಹಾಕ್ತಾರೆ. ಏಳು ಸಾಕು ಅನ್ನುವವರೂ ಇದ್ದಾರೆ.”

ಹಾಜಬ್ಬನ ಕೈಯಲ್ಲಿದ್ದ ಚಹಾದ ಲೋಟ ತಟ್ಟೆಗೆ ಇಳಿಯಿತು. “ಇಪ್ಪತ್ತಕ್ಕೆ ಗೆರೆ ಹಾಕಿದರೆ ನಾನು?”

“ಮೇಲೆ ಹೋಗ್ತೀರಿ.”

ಒಳಗೆ ಮೀನು ಕೊಯ್ಯುತ್ತಿದ್ದ ನಫೀಸಮ್ಮನ ಕತ್ತಿಯ ಸದ್ದು ನಿಂತಿತು. ಹೊರಗೆ ಮಳೆ ಹಂಚಿನ ಮೇಲೆ ತನ್ನ ಪಾಡಿಗೆ ಎಣಿಸುತ್ತಿತ್ತು. ಹಾಜಬ್ಬ ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿದ; ಪೊರೆಯ ಮಂಜಿನಲ್ಲಿ ಅದು ಆಕೆಯ ತಂದೆಯ ಮುಖದಂತೆ ಕಾಣುತ್ತಿತ್ತು.

“ನೀನು ಇದನ್ನು ಹೇಳದೆ ಇರಬಹುದಿತ್ತು. ನಿನ್ನ ಓದು ಉಳಿಯುತ್ತಿತ್ತು. ಬೀಡಿಯವರು ಕೆಟ್ಟದ್ದನ್ನು ಕಟ್ಟಿನ ನಡುವೆ ಅಡಗಿಸ್ತಾರೆ.”

“ನಾನು ನಿಮ್ಮ ಮೊಮ್ಮಗಳು ಅಜ್ಜ,” ಎಂದಳು ಹನಾ. “ಕೆಟ್ಟದ್ದನ್ನು ಮೇಲೆಯೇ ಇಟ್ಟಿದ್ದೇನೆ.”

“ಯೋಚನೆ ಮಾಡ್ತೇನೆ” ಎಂದು ಹಾಜಬ್ಬ ಎದ್ದು ಜಗಲಿಗೆ ಹೋದ.

“ಯೋಚನೆಗೆ ಇನ್ನೊಂದು ಚಹಾ ಬೇಕಾ, ಇಷ್ಟರಲ್ಲೇ ಆಗ್ತದಾ?” ಎಂದು ಒಳಗಿನಿಂದ ನಫೀಸಮ್ಮ ಕೇಳಿದಳು. ಧ್ವನಿ ಮಾತ್ರ ಎಂದಿನಷ್ಟು ಗಟ್ಟಿಯಿರಲಿಲ್ಲ.

ಮರುದಿನ ಸೋಮವಾರ. ಪಾಣೆಮಂಗಳೂರಿನ ಬ್ರಾಂಚಿನಲ್ಲಿ ಸಾಲು ಬಾಗಿಲು ದಾಟಿತ್ತು. ನಫೀಸಮ್ಮ ಹಿಂದಿನ ಸಂಜೆ ಬೇಲಿಯಾಚೆಯ ಒಬ್ಬಳಿಗೆ ಮಾತ್ರ ಹೇಳಿದ್ದರಿಂದ ಸಾಲಿನಲ್ಲಿದ್ದ ಮೂವತ್ತು ಜನರಿಗೂ ವಿಷಯ ತಿಳಿದಿತ್ತು. ಎದುರು ಬಂದು ನಿಂತವಳು ನೀಲಾವತಿ. ಇಪ್ಪತ್ತೆರಡು ವರ್ಷದಿಂದ ಹಾಜಬ್ಬನ ಮುಂದೆ ಬುಟ್ಟಿ ಇಳಿಸುತ್ತಿದ್ದವಳು. ಅವನ ಗೋಣಿಗೆ ಅತಿ ಹೆಚ್ಚು ಬೀಡಿ ದಾನ ಮಾಡಿದವಳೆಂದು ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತಿದ್ದವಳು.

“ಹಾಜಬ್ಬಾಕ, ಹೇಗಿದ್ದೀರಿ?”

“ಹಾಗೇ.”

“ಹಾಗೇ ಅಂದ್ರೆ ಮೂವತ್ತರ ಹಾಗೆಯಾ, ಇಪ್ಪತ್ತರ ಹಾಗೆಯಾ?”

ಸಾಲಿನಲ್ಲಿ ಸೆರಗಿನೊಳಗಿನ ನಗೆ ಹರಿಯಿತು. ಹಾಜಬ್ಬ ಕಟ್ಟೊಂದನ್ನು ಎತ್ತಿ ಅಂಗೈಯಲ್ಲಿಟ್ಟ. “ಬಾಯಿಗಿಂತ ಬೆರಳು ಚುರುಕು ಮಾಡು ನೀಲಾವತಿ.”

“ಬೆರಳು ಚುರುಕೇ ಇತ್ತು,” ಎಂದಳು ಆಕೆ, ಈಗ ನಗದೆ. “ನಿಮಗೆ ನೆನಪುಂಟಾ? ಹದಿನಾಲ್ಕು ವರ್ಷದ ಹಿಂದೆ ಕಟ್ಟಿನಲ್ಲಿ ಮೂರು ಕೆಟ್ಟರೂ ಪಾಸು ಇತ್ತು, ನಾಲ್ಕು ಕೆಟ್ಟರೆ ಗೋಣಿ. ಒಂದು ಸೋಮವಾರ ಬಂದರೆ ಮೂರಕ್ಕೇ ಗೋಣಿ. ನನ್ನ ಆರು ಕಟ್ಟು ಹಾಕಿದ್ರಿ. ಅದೇ ಎಲೆ, ಅದೇ ಕೈ, ಶನಿವಾರ ಕಟ್ಟಿದ್ದು. ಬೀಡಿ ಹೇಗೆ ಹಾಳಾಯ್ತು ಅಂತ ಕೇಳಿದೆ. ಕಂಪೆನಿಯಿಂದ ಕಾಗದ ಬಂದಿದೆ ಅಂದ್ರಿ.”

“ನಿಯಮ ನಿಯಮವೇ.”

“ಹೌದು, ಹಾಗೆಯೇ ಅಂದಿದ್ರಿ. ಈಗ ನಿಮ್ಮ ರಕ್ತಕ್ಕೆ ಯಾವ ಕಂಪೆನಿಯ ಕಾಗದ, ಹಾಜಬ್ಬಾಕ?”

ಹಾಜಬ್ಬ ಹೆಬ್ಬೆರಳಿನಿಂದ ಕಟ್ಟನ್ನು ಸವರಿದ. ಎರಡು ಕೆಟ್ಟಿದ್ದವು, ಮೂರನೆಯದು ಮೆತ್ತಗಿತ್ತು. ಥಂಡಿಯೋ, ಸೋಮಾರಿತನವೋ? ಮೂವತ್ತೇಳು ವರ್ಷಗಳ ಅಭ್ಯಾಸ ಅವನ ಅಪ್ಪಣೆ ಕೇಳದೆ ಕೈಯನ್ನು ತಲೆಯ ಮೇಲಕ್ಕೆತ್ತಿತು. ಕೈ ಹಲಗೆಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತು.

“ಹಾಕಿ, ಹಾಕಿ,” ಎಂದಳು ನೀಲಾವತಿ. “ನೋಡುವ.”

ಅದು ತನ್ನದೇ ಮಾತು. ಡಾಕ್ಟರು ಹೇಳಿದ್ದೂ ಅದೇ ಮಾತು. ತಾನು ಹೇಳಿದಾಗ ಅದು ಕಸುಬಿನ ವಿವೇಕವೆನಿಸಿತ್ತು. ಇನ್ನೊಬ್ಬರು ತನಗೆ ಹೇಳಿದಾಗ ಮಾತ್ರ ಅವಮಾನವೆನಿಸಿತ್ತು. ಹಾಜಬ್ಬ ಕಟ್ಟನ್ನು ಹಲಗೆಯ ಮೇಲಿಟ್ಟು, ಹಿಂದಿನ ಸೋಮವಾರ ಅಲ್ಲಿಟ್ಟಿದ್ದ ಐದು ಕಟ್ಟುಗಳನ್ನು ಕೆಳಗಿಳಿಸಿದ. ಒಂದೊಂದಾಗಿ ಸವರಿದ. ಮೂರು ಕಟ್ಟು ಒಣಗಿ ಗಟ್ಟಿಯಾಗಿದ್ದವು, ನಿರ್ದೋಷಿಗಳು. ಎರಡು ನಿಜವಾಗಿಯೂ ಕೆಟ್ಟವು. ಕಳೆದ ವಾರ ಐದೂ ಬೆರಳಿಗೆ ಒಂದೇ ತರಹ ಇದ್ದವು. ಭಯಬಿದ್ದು ಅಂದೇ ಗೋಣಿಗೆ ಎಸೆದಿದ್ದರೆ ಮೂರು ಒಳ್ಳೆಯ ಕಟ್ಟು ಮಣ್ಣಾಗುತ್ತಿದ್ದವು.

ಎರಡು ಕೆಟ್ಟಿದ್ದವು ಎಂಬುದನ್ನೂ ಅವನು ಮರೆಯಲಿಲ್ಲ. ಮರೆಯುವವನಾಗಿದ್ದರೆ ಆ ಕೆಲಸದಲ್ಲಿರುತ್ತಿರಲಿಲ್ಲ.

ಸಾಲು ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಮನೆ ಕೂಗಳತೆಯಲ್ಲಿತ್ತು, ಹಾಜಬ್ಬ ಮನೆಗೆ ಹೋಗಲಿಲ್ಲ. ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದ. ಸೋಮವಾರದಂದು ಅವನನ್ನು ಆ ಬಸ್ಸಿನಲ್ಲಿ ಕಂಡ ಕಂಡಕ್ಟರ್ ಅಣ್ಣು, “ಇವತ್ತು ಶನಿವಾರವಾ ಕಾಕ? ಹಾಗಾದ್ರೆ ನನಗೆ ನಾಳೆ ರಜೆ” ಎಂದ. ಸಿದ್ಧಕಟ್ಟೆ ದಾಟುವವರೆಗೂ ಹಾಜಬ್ಬ ತುಟಿಯಲ್ಲಿಯೇ ಭಾಷಣವೊಂದನ್ನು ಸಿದ್ಧಪಡಿಸುತ್ತಿದ್ದ. ಅದರಲ್ಲಿ ಕರ್ತವ್ಯ, ವಂಶ, ವಿದ್ಯೆ ಎಂಬ ತೂಕದ ಪದಗಳಿದ್ದವು. ಹಾಸ್ಟೆಲಿನ ಗೇಟಿನಲ್ಲಿ ಹನಾ ಗಾಬರಿಯಿಂದ ಓಡಿ ಬಂದಾಗ ಒಂದು ಪದವೂ ನೆನಪಿಗೆ ಬರಲಿಲ್ಲ.

“ಎಂತಾಯ್ತು ಅಜ್ಜ? ಅಜ್ಜಿ ಹುಷಾರಿದ್ದಾಳಲ್ಲ?”

“ಅವಳಿಗೆಂತ? ನನ್ನನ್ನು ಹುಡುಕ್ತಾ ಇರಬಹುದು.” ಹಾಜಬ್ಬ ಕೊಡೆಯನ್ನು ಮಡಚಿದ, ಮತ್ತೆ ಬಿಡಿಸಿದ. “ನಿಕಾಹ್ ನಿನ್ನ ಕೊನೆಯ ಪರೀಕ್ಷೆ ಮುಗಿದ ಮೇಲೆ.”

ಹನಾ ಗೇಟಿನ ಸರಳನ್ನು ಹಿಡಿದುಕೊಂಡಳು. “ಮತ್ತೆ ಇಪ್ಪತ್ತು?”

“ಇಪ್ಪತ್ತು ಒಂದು ಕಾಗದ, ಮೂವತ್ತು ಒಂದು ಕಾಗದ. ಎರಡಕ್ಕೂ ನನ್ನ ಗುರುತಿಲ್ಲ. ನಾನು ಎರಡರ ನಡುವಿನ ಕಟ್ಟು. ಅಂಥದ್ದನ್ನು ನಾನು ಯಾವತ್ತೂ ಗೋಣಿಗೆ ಹಾಕಿದವನಲ್ಲ.”

“ಮತ್ತೆ?”

“ಹಲಗೆಯ ಮೇಲೆ ಇಡ್ತೇನೆ. ಮೂರು ತಿಂಗಳಿಗೊಮ್ಮೆ ಕೆಳಗೆ ಇಳಿಸಿ ನೋಡುವುದು. ಡಾಕ್ಟರು ಲೆಕ್ಕ ಹೇಳುವಾಗ ನೀನು ಪಕ್ಕದಲ್ಲಿ ಇರಬೇಕು. ನನ್ನ ಕಣ್ಣನ್ನು ನಂಬಬೇಡ, ಅವರ ನಗುವನ್ನೂ ನಂಬಬೇಡ. ನಿನ್ನ ಹಾಳೆಗಳನ್ನು ನಂಬು. ಕೆಟ್ಟದ್ದಿದ್ದರೆ ಮೊದಲು ಹೇಳು, ನಿನ್ನೆಯ ಹಾಗೆ.”

ಹನಾಳ ಕಣ್ಣು ತುಂಬಿತು. ಅಜ್ಜ ನೋಡಬಾರದೆಂದು ಆಕೆ ಮುಖ ತಿರುಗಿಸಿದಳು. ಪೊರೆಯ ದಯೆಯಿಂದ ಅವನಿಗೆ ಹೇಗೂ ಕಾಣುತ್ತಿರಲಿಲ್ಲ.

“ಎರಡು ವರ್ಷದಲ್ಲಿ ನಿಮಗೆ ಏನಾದರೂ ಆದರೆ ಅಜ್ಜ?”

“ಆದರೆ ನಿನ್ನ ಚಿಕ್ಕಪ್ಪ ಅಸ್ಕರ್ ಬಂದು ಕೈ ಹಿಡಿದು ಕೊಡ್ತಾನೆ. ನನ್ನಷ್ಟು ಚಂದ ಹೇಳಲಿಕ್ಕಿಲ್ಲ. ಅವನಿಗೆ ಗಂಟಲು ಸರಿ ಇಲ್ಲ.” ಹಾಜಬ್ಬ ಕೊಡೆಯನ್ನು ಇನ್ನೊಮ್ಮೆ ಮಡಚಿದ. “ಆದರೆ ನಾನು ಅಷ್ಟು ಸುಲಭದಲ್ಲಿ ಬಿಟ್ಟುಕೊಡುವವನಲ್ಲ. ನಿನ್ನ ಅಜ್ಜಿಯನ್ನು ಒಮ್ಮೆ ಉಡುಪಿ ದಾಟಿಸಲಿಕ್ಕೂ ಉಂಟು. ಬಸ್ಸು ಬಂತು. ಹೋಗ್ತೇನೆ.”

ನಾಲ್ಕು ಹೆಜ್ಜೆ ಹೋದವನನ್ನು ಹನಾ ಕೂಗಿ ನಿಲ್ಲಿಸಿದಳು. “ಅಜ್ಜ, ಅನ್ಸಾಫನಿಗೆ ಯಾರು ಹೇಳುವುದು? ಅವರ ಮನೆಯವರಿಗೆ ಮದುವೆ ಬೇಗ ಆಗುತ್ತದೆ ಅಂತ ಅಜ್ಜಿ ನಿನ್ನೆಯೇ ಫೋನು ಮಾಡಿ ಹೇಳಿಬಿಟ್ಟಿದ್ದಾಳೆ.”

“ನೀನೇ ಫೋನು ಮಾಡಿ ಹೇಳು. ಎರಡು ವರ್ಷ ಕಾಯ್ತಾನಾ ಕೇಳು.” ಹಾಜಬ್ಬ ಎಡ ಅಂಗೈಯನ್ನು ಬಿಡಿಸಿ, ಅದರ ಮೇಲೆ ಬಲಗೈಯ ಹೆಬ್ಬೆರಳನ್ನು ಒಮ್ಮೆ ಎಳೆದು, ಕೆಳಗೆ ಇಲ್ಲದ ಗೋಣಿಯೊಂದರ ಕಡೆಗೆ ಬೆರಳು ತೋರಿಸಿದ. “ಕಾಯುವುದಿಲ್ಲ ಅಂದರೆ ನನಗೆ ಹೇಳು.”

“ಅವನಿಗೆ ಹಲಗೆ ಇಲ್ಲವಾ ಅಜ್ಜ?” ಎಂದಳು ಹನಾ, ಕಣ್ಣೊರೆಸಿಕೊಂಡು ನಗುತ್ತ.

ಬಸ್ಸು ಹಾರ್ನ್ ಹಾಕಿತು. ಹಾಜಬ್ಬ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತುಸು ಯೋಚಿಸಿದ.

“ನೋಡುವ” ಎಂದ.